ಆರನೆಯ ಕೇಸ್: ಬಿರುಕಿನ ಕಳ್ಳ ಡ್ರಾಯರ್‌ನಲ್ಲೇ ಇದ್ದ

ಸಿಕ್ಕಿಬಿದ್ದ. ಐದು ಕೇಸ್‌ಗಳನ್ನು ನುಂಗಿ, ಎರಡು ತಿಂಗಳ ವಾರಾಂತ್ಯಗಳನ್ನು ತಿಂದು ಮುಗಿಸಿದ ಕಳ್ಳ ನನ್ನ ಮೇಜಿನ ಡ್ರಾಯರ್‌ನಲ್ಲೇ ಇದ್ದ. ಪುಟ್ಟ ಸೀಸೆಯೊಳಗೆ, ಮುಚ್ಚಳ ಬಿಗಿದುಕೊಂಡು, ಏನೂ ಅರಿಯದವನಂತೆ.

ಹೊಸದಾಗಿ ಸೇರಿಕೊಂಡವರಿಗೆ ಹಿನ್ನೆಲೆ ಇಷ್ಟೇ: ಅಗ್ಗದ ಸ್ಮಾರ್ಟ್‌ವಾಚ್ ಒಂದರ ಕೇಸ್, ಎಂದರೆ ಹೊರಕವಚ, ಕೈಪಟ್ಟಿ ಸೇರುವ ಕಡೆ ಮುರಿದಿತ್ತು. ಬೋರ್ಡು, ಪರದೆ, 180 ಎಂಎಎಚ್ ಬ್ಯಾಟರಿ ಎಲ್ಲವೂ ಚೆನ್ನಾಗಿದ್ದವು. ಮುರಿದದ್ದು ಬಣ್ಣ ಬಳಿದ ಸತುವಿನ ಮಿಶ್ರಲೋಹ. ಅದರ ಜಾಗಕ್ಕೆ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಮೇಜಿನ ಮೇಲಿನ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಕೊರೆದ ಕೇಸ್ ಕೂರಿಸುವುದು ನನ್ನ ಹಟ. ಕೊರೆಯುವ ವೇಗ, ಹಾಳೆ ಹಿಡಿಸುವ ಬಗೆ ಇತ್ಯಾದಿ ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಲೋಹದ್ದು ತೆಗೆದು ಪ್ಲಾಸ್ಟಿಕ್ ಹಾಕುತ್ತೀಯಲ್ಲ, ಆಟಿಕೆಯಂತೆ ಕಾಣುವುದಿಲ್ಲವೇ?’ ಕಾಣಲಿ. 1983ರಲ್ಲಿ ಸ್ವಾಚ್ ಬಂದಾಗ ಅದರ ಯಂತ್ರವನ್ನು ಪ್ಲಾಸ್ಟಿಕ್ ಕೇಸ್‌ನ ತಳದ ಮೇಲೆಯೇ ಜೋಡಿಸಿದ್ದರು; ಇಡೀ ಗಡಿಯಾರಕ್ಕೆ 51 ಬಿಡಿಭಾಗಗಳು ಸಾಕಾಗಿದ್ದವು. 1989ರ ಕ್ಯಾಸಿಯೊ ಎಫ್-91ಡಬ್ಲ್ಯು ಸುಮಾರು 21 ಗ್ರಾಂ ತೂಗುವ, ರೆಸಿನ್ ಎಂಬ ಪ್ಲಾಸ್ಟಿಕ್‌ನ ಗಡಿಯಾರ. ಅದನ್ನು ಯಾರೂ ಆಟಿಕೆ ಎಂದು ತಳ್ಳಿಹಾಕಲಿಲ್ಲ. ನನ್ನ ಲೆಕ್ಕ ಇನ್ನೂ ಸರಳ. ಹಳೆಯ ಲೋಹದ ಕೇಸ್ ಒಂದೇ 24 ಗ್ರಾಂ ಇತ್ತು, ಹೊಸದು 6 ಗ್ರಾಂ. ಮೇಜಿನ ಅದೇ ಮೂಲೆಯಲ್ಲಿಟ್ಟು ನೋಡಿದರೆ ಬ್ಲೂಟೂತ್ ಸಿಗ್ನಲ್ ಒಂಬತ್ತು ಡೆಸಿಬೆಲ್ ಮೇಲೇರಿತು. ಲೋಹದ ಡಬ್ಬಿಯೊಳಗಿಂದ ಕೂಗುತ್ತಿದ್ದ ಆಂಟೆನಾಗೆ ಕಿಟಕಿ ತೆರೆದಂತಾಯಿತು. ದುಬಾರಿ ವಾಚ್‌ಗಳಲ್ಲಿ ಲೋಹದ ಚೌಕಟ್ಟಿನಲ್ಲೇ ಆಂಟೆನಾ ಅಡಗಿಸುವ ಚಮತ್ಕಾರ ಮಾಡುತ್ತಾರೆ. ಅಗ್ಗದ ಬೋರ್ಡಿನಲ್ಲಿ ಅಂಥ ಅದೃಷ್ಟ ಇರುವುದಿಲ್ಲ.

ಪ್ಲಾಸ್ಟಿಕ್‌ಗೆ ಅವಗುಣ ಇಲ್ಲವೆಂದಲ್ಲ. ಅದು ಶಾಖವನ್ನು ಹೊರಗೆ ಬಿಡುವುದಿಲ್ಲ. ಅಲ್ಯೂಮಿನಿಯಮ್‌ಗೆ ಹೋಲಿಸಿದರೆ ಸಾವಿರ ಪಾಲು ಮಂದ, ಆದ್ದರಿಂದ ಚಾರ್ಜಿಂಗ್ ಕರೆಂಟನ್ನು 90 ಮಿಲಿಆಂಪಿಯರ್‌ಗೆ ಇಳಿಸಿದೆ. ಗೀರು ಬೇಗ ಬೀಳುತ್ತದೆ. ಇವೆರಡನ್ನೂ ಸಹಿಸಿಕೊಳ್ಳಬಹುದು. ನನ್ನನ್ನು ಕಾಡಿದ್ದು ಬಿರುಕು.

ಬಿರುಕು ಬರುತ್ತಿದ್ದ ರೀತಿಯೇ ವಿಚಿತ್ರ. ಹಿಂಬದಿಯ ಮುಚ್ಚಳಕ್ಕೆ ನಾಲ್ಕು ಮೂಲೆಗಳಲ್ಲಿ ಎಂ1.6 (1.6 ಮಿಲಿಮೀಟರ್ ದಪ್ಪದ) ಸ್ಕ್ರೂಗಳು, ಪಾಲಿಕಾರ್ಬೊನೇಟ್‌ನಲ್ಲೇ ಕೊರೆದ ಥ್ರೆಡ್, ಎಂದರೆ ಸ್ಕ್ರೂ ಕಚ್ಚುವ ಸುರುಳಿಗೆರೆ. ಜೋಡಿಸುವಾಗ ಟಿಕ್ ಎಂಬ ಸದ್ದೂ ಇಲ್ಲ. ರಾತ್ರಿ ಮಲಗುವಾಗ ಎಲ್ಲ ಸರಿಯಿರುತ್ತದೆ. ಎರಡನೆಯ ದಿನವೋ ಮೂರನೆಯ ದಿನವೋ ಬೆಳಿಗ್ಗೆ ನೋಡಿದರೆ ಸ್ಕ್ರೂ ರಂಧ್ರದ ಸುತ್ತ ಸೂರ್ಯ ಹುಟ್ಟಿದಂತೆ ಬೆಳ್ಳಿಯ ಗೆರೆಗಳು. ಇನ್ನೊಂದು ದಿನಕ್ಕೆ ಮೂಲೆಯೇ ಕೈಗೆ ಬರುತ್ತದೆ. ಹಳೆಯ ಕಪ್ಪು ಹಾಳೆಯಲ್ಲಿ ಮಾಡಿದ್ದ ಮೊದಲೆರಡು ಕೇಸ್‌ಗಳು ಹೇಗೆ ಸತ್ತವು ಎಂಬುದೇ ಗೊತ್ತಾಗಿರಲಿಲ್ಲ. ಪಾರದರ್ಶಕ ಹಾಳೆಗೆ ಬಂದ ಮೇಲಷ್ಟೇ ಗೆರೆಗಳು ಕಂಡವು.

ಮೊದಲ ಅನುಮಾನ ಕೊರೆಯುವಾಗ ಒಳಗೆ ಉಳಿಯುವ ಒತ್ತಡದ ಮೇಲೆ. ಇದನ್ನು ಕಣ್ಣಾರೆ ನೋಡಬಹುದು ಎಂಬುದು ಪಾರದರ್ಶಕ ಪ್ಲಾಸ್ಟಿಕ್ ಕೊಡುವ ದೊಡ್ಡ ಸುಖ. ಎಲ್‌ಸಿಡಿ ಮಾನಿಟರ್‌ನಲ್ಲಿ ಬಿಳಿ ಪರದೆ ತೆರೆದು, ಪೋಲರಾಯ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವ ಕೋನಕ್ಕೆ ತಿರುಗಿಸಿ, ನಡುವೆ ಕೇಸ್ ಹಿಡಿಯಿರಿ. ಒತ್ತಡವಿರುವ ಕಡೆಯೆಲ್ಲ ಕಾಮನಬಿಲ್ಲು. ನನ್ನ ಕೇಸ್‌ನ ನಾಲ್ಕೂ ಮೂಲೆಗಳು ಜಾತ್ರೆಯ ದೀಪದಂತೆ ಹೊಳೆದವು. ಸರಿ, 125 ಡಿಗ್ರಿಯಲ್ಲಿ ಓವನ್‌ನೊಳಗೆ ಎರಡು ಗಂಟೆ ಇಟ್ಟು, ಓವನ್ ಆರಿಸಿ, ರಾತ್ರಿಯಿಡೀ ನಿಧಾನವಾಗಿ ತಣಿಸಿದೆ. ಪಾಲಿಕಾರ್ಬೊನೇಟ್ ಮೆತ್ತಗಾಗಲು 147 ಡಿಗ್ರಿಯಷ್ಟು ಬೇಕು, ಹಾಗಾಗಿ ಆಕಾರ ಕೆಡಲಿಲ್ಲ. ಬೆಳಿಗ್ಗೆ ಬಣ್ಣಗಳು ಬಹುಪಾಲು ಮಾಯ. ಗೆದ್ದೆ ಎಂದು ಜೋಡಿಸಿದೆ. ಮೂರನೆಯ ದಿನ ಮತ್ತೆ ಸೂರ್ಯೋದಯ.

ಎರಡನೆಯ ಅನುಮಾನ ಸ್ಕ್ರೂ ತಲೆಯ ಮೇಲೆ, ಇಲ್ಲಿ ಅಂಗಡಿಯವರ ಪುಣ್ಯಕಥೆ ಹೇಳಲೇಬೇಕು. ನಾನು ಕೇಳಿದ್ದು ಅಡಿ ಚಪ್ಪಟೆಯಾಗಿರುವ ಪ್ಯಾನ್ ತಲೆಯ ಸ್ಕ್ರೂ. ಬಂದದ್ದು ತಲೆಯ ಅಡಿ ಶಂಕುವಿನಂತೆ ಇಳಿಜಾರಾಗಿರುವ ಕೌಂಟರ್‌ಸಂಕ್. ‘ಎರಡೂ ಒಂದೇ ಸಾರ್, ಇದು ನೋಡಲು ಚೆನ್ನ’ ಎಂಬ ಉತ್ತರ. ಲೋಹಕ್ಕೆ ಹೌದು, ಚೆನ್ನ. ಪ್ಲಾಸ್ಟಿಕ್‌ಗೆ ಅದು ತಿರುಗುವ ಬೆಣೆ. ಬಿಗಿದಷ್ಟೂ ರಂಧ್ರವನ್ನು ಹಿಗ್ಗಿಸುತ್ತದೆ. ಬೇರೊಬ್ಬರಿಂದ ತರಿಸಿದಾಗ ಪ್ಯಾನ್ ತಲೆಯೇ ಬಂತು, ಉದ್ದ ಮಾತ್ರ 4 ಮಿಲಿಮೀಟರ್ ಬದಲು 6. ನೂರು ಸ್ಕ್ರೂಗಳ ಪೊಟ್ಟಣ. ಹದಿನಾರನ್ನು ಅರದಲ್ಲಿ ಉಜ್ಜಿ ಗಿಡ್ಡ ಮಾಡಿ, ಉಳಿದ ಎಂಬತ್ತನಾಲ್ಕನ್ನು ಬೈಯುತ್ತ ಡಬ್ಬಿಗೆ ಹಾಕಿದೆ. ಅದಕ್ಕೂ ಹಿಂದೆ ಪಾಲಿಕಾರ್ಬೊನೇಟ್ ಎಂದು ಚೀಟಿ ಅಂಟಿಸಿ ಆಕ್ರಿಲಿಕ್ ಕಳಿಸಿದವರೂ ಉಂಟು. ತುಂಡೊಂದನ್ನು ಬಗ್ಗಿಸಿ ನೋಡಿ. ಪಾಲಿಕಾರ್ಬೊನೇಟ್ ಮಡಚಿಕೊಳ್ಳುತ್ತದೆ, ಆಕ್ರಿಲಿಕ್ ಲಟಕ್ಕನೆ ಎರಡಾಗುತ್ತದೆ. ನನ್ನದು ಲಟಕ್ಕೆಂದಿತು.

ಪ್ಯಾನ್ ತಲೆಯ ಸ್ಕ್ರೂ ಹಾಕಿದ ಐದನೆಯ ಕೇಸ್ ಕೈಗೆ ಕಟ್ಟದೆ, ಪಟ್ಟಿಯನ್ನೂ ಸೇರಿಸದೆ, ಬರಿದೇ ಪೆಟ್ಟಿಗೆಯಲ್ಲಿಟ್ಟೆ. ಪಟ್ಟಿಯ ಎಳೆತವೂ ಇಲ್ಲ, ಬೆವರೂ ಇಲ್ಲ. ಆದರೂ ಬಿರಿಯಿತು. ಈ ಸಲ ಮಾತ್ರ ಮೂರು ಮೂಲೆಗಳು; ನಾಲ್ಕನೆಯದು ಕನ್ನಡಿಯಂತೆ ಸ್ವಚ್ಛ.

ಆ ನಾಲ್ಕನೆಯ ಮೂಲೆಯನ್ನು ಎಷ್ಟು ಹೊತ್ತು ದಿಟ್ಟಿಸಿದೆನೋ. ಅದೇ ಹಾಳೆ, ಅದೇ ಡ್ರಿಲ್, ಅದೇ ಬಿಗಿ. ಭೂತಗನ್ನಡಿ ಹಿಡಿದಾಗ ಒಂದೇ ವ್ಯತ್ಯಾಸ ಕಂಡಿತು: ಮೂರು ಸ್ಕ್ರೂಗಳ ಬುಡದಲ್ಲಿ ನೀಲಿ ಕಲೆ, ನಾಲ್ಕನೆಯದರಲ್ಲಿ ಇಲ್ಲ. ಆಗ ನೆನಪಾಯಿತು. ಕೊನೆಯ ಸ್ಕ್ರೂಗೆ ಬರುವಷ್ಟರಲ್ಲಿ ಥ್ರೆಡ್‌ಲಾಕರ್ ಎಂಬ ನೀಲಿ ದ್ರವದ ಸೀಸೆ ಗಾಳಿ ಕೆಮ್ಮಿತ್ತು. ಇರಲಿ ಎಂದು ಹಾಗೆಯೇ ಬಿಗಿದಿದ್ದೆ.

ಸ್ಕ್ರೂ ಸಡಿಲವಾಗದಿರಲಿ ಎಂದು ಹಚ್ಚಿದ ಔಷಧವೇ ರಂಧ್ರವನ್ನು ಸೀಳುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಅನುಮಾನದ ಮೇಲೆ ಶಿಕ್ಷೆ ಸಲ್ಲದು ಎಂದು ಒಂದು ವಿಚಾರಣೆ ನಡೆಸಿದೆ. ಒಂದೂವರೆ ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಪಟ್ಟಿಗಳನ್ನು ಕತ್ತರಿಸಿ, ಓವನ್‌ನಲ್ಲಿ ಹದಗೊಳಿಸಿ, ಅಂಗೈಯಗಲದ ಪೈಪಿನ ಮೇಲೆ ಬಗ್ಗಿಸಿ ಕಟ್ಟಿದೆ. ಒಂದೊಂದರ ಬೆನ್ನ ಮೇಲೂ ಒಂದೊಂದು ದ್ರವ: ಉಪ್ಪುನೀರು, ಐಸೊಪ್ರೊಪೈಲ್ ಆಲ್ಕೊಹಾಲ್, ಸನ್‌ಸ್ಕ್ರೀನ್, ಥ್ರೆಡ್‌ಲಾಕರ್. ಥ್ರೆಡ್‌ಲಾಕರ್ ಪಟ್ಟಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಬೆಳ್ಳಿಗೆರೆ, ಒಂದು ತಾಸಿಗೆ ಪಟ್ಟಿ ಎರಡು ತುಂಡು. ಉಪ್ಪುನೀರು ಮತ್ತು ಆಲ್ಕೊಹಾಲ್ ರಾತ್ರಿ ಕಳೆದರೂ ಏನೂ ಮಾಡಲಿಲ್ಲ. ಸನ್‌ಸ್ಕ್ರೀನ್ ಮಾತ್ರ ಬೆಳಗಿನ ಹೊತ್ತಿಗೆ ಅಂಚುಗಳಲ್ಲಿ ಕೂದಲೆಳೆಯ ಗೆರೆ ಮೂಡಿಸಿತ್ತು. ಮಣಿಕಟ್ಟಿಗೆ ಕಟ್ಟುವ ವಸ್ತುವಿನ ವಿಷಯದಲ್ಲಿ ಇದನ್ನು ಮರೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಬಗ್ಗಿಸದೆ ಮೇಜಿನ ಮೇಲೆ ಚಪ್ಪಟೆಯಾಗಿ ಬಿಟ್ಟಿದ್ದ ಪಟ್ಟಿ. ಅದರ ಮೇಲೂ ಥ್ರೆಡ್‌ಲಾಕರ್ ಇತ್ತು, ಒರೆಸಿದಾಗ ಗೆರೆ ಇರಲಿಲ್ಲ. ದ್ರವ ಒಂದೇ ಇದ್ದರೆ ಸಾಲದು, ಎಳೆತವೂ ಜೊತೆಗಿರಬೇಕು. ಥ್ರೆಡ್ ಕೊರೆದ ರಂಧ್ರದಲ್ಲಿ ಎರಡೂ ಒಟ್ಟಿಗೇ ಇವೆ.

ಆ ದ್ರವ ಗಟ್ಟಿಯಾಗಲು ಗಾಳಿಯ ಗೈರುಹಾಜರಿ ಮತ್ತು ಲೋಹದ ಸ್ಪರ್ಶ ಎರಡೂ ಬೇಕು. ಲೋಹದ ರಂಧ್ರದಲ್ಲಿ ಎರಡೂ ಕಡೆ ಲೋಹವಿರುವುದರಿಂದ ಬೇಗ ಗಟ್ಟಿಯಾಗಿ ತೆಪ್ಪಗಿರುತ್ತದೆ. ಪ್ಲಾಸ್ಟಿಕ್ ರಂಧ್ರದಲ್ಲಿ ಸ್ಕ್ರೂ ಕಡೆ ಮಾತ್ರ ಲೋಹ. ಹೊರಗಿನ ಪದರ ಬಹುಕಾಲ ದ್ರವವಾಗಿಯೇ ಉಳಿದು ಒಳಗಿಳಿಯುತ್ತದೆ. ಮೂರು ದಿನಗಳ ತಡ ಎಲ್ಲಿಂದ ಬಂತು ಎಂಬುದು ಈಗ ಅರ್ಥವಾಯಿತು. ಥರ್ಮೋಪ್ಲಾಸ್ಟಿಕ್‌ಗಳ (ಬಿಸಿಗೆ ಮೆತ್ತಗಾಗುವ ಪ್ಲಾಸ್ಟಿಕ್‌ಗಳ) ಮೇಲೆ ಎಚ್ಚರ ಎಂದು ಸೀಸೆಯ ಚೀಟಿಯ ಮೇಲೇ ಇರುವೆಯಕ್ಷರದಲ್ಲಿ ಬರೆದಿತ್ತು. ಅದನ್ನೂ ಭೂತಗನ್ನಡಿಯಲ್ಲೇ ಓದಿದೆ. ಇನ್ನು ಪ್ಲಾಸ್ಟಿಕ್ ಸರಿಯಿಲ್ಲ ಎಂದು ನಾನು ದೂರಿದರೆ, ಕುಣಿಯಲಾರದವಳು ನೆಲ ಡೊಂಕು ಎಂದ ಕಥೆಯಾಗುತ್ತದೆ.

ಈ ಹಂತದಲ್ಲಿ ಸ್ಕ್ರೂಗಳ ಸಹವಾಸವೇ ಬೇಡವೆನಿಸಿ ಒಂದು ಸಂಜೆ ಪೂರ್ತಿ ದಾರಿ ತಪ್ಪಿದೆ. ತಿರುಗಿಸಿ ಕೂರಿಸುವ ಹಿಂಬದಿ ಮುಚ್ಚಳ: ಮೂರು ನಾಲಿಗೆಗಳು, ಮೂರು ಇಳಿಜಾರು ಜಾಡುಗಳು, ನಾಣ್ಯದಿಂದ ಕಾಲು ಸುತ್ತು ತಿರುಗಿಸಿದರೆ ಬೀಗ. ಇದಕ್ಕೆ ದುಂಡನೆಯ ಕೇಸ್ ಬೇಕು, ದುಂಡನೆಯ ಕೇಸ್‌ಗೆ ದುಂಡನೆಯ ಪರದೆ ಬೇಕು, ಹಾಗಾಗಿ ಬಿಸಿಲಿನಲ್ಲೂ ಓದಬಲ್ಲ ಮೆಮೊರಿ ಎಲ್‌ಸಿಡಿ ಹುಡುಕುತ್ತ ರಾತ್ರಿ ಒಂದಾಯಿತು. ರೇಖಾಚಿತ್ರ ಸಿದ್ಧವಿದೆ. ಈ ಚೌಕ ಮಹಾಶಯ ನೆಟ್ಟಗಾದ ಮರುದಿನವೇ ಶುರು.

ಆರನೆಯ ಕೇಸ್‌ನಲ್ಲಿ ಪ್ಲಾಸ್ಟಿಕ್‌ಗೆ ಥ್ರೆಡ್ಡೇ ಇಲ್ಲ. ಮುಂಭಾಗದ ಮೂಲೆಗಳಲ್ಲಿ, ಗಾಜಿನ ಅಂಟುಪಟ್ಟಿಯ ಹೊರಗೆ, ಅಂಚು ಇರುವ ಹಿತ್ತಾಳೆಯ ಬುಷ್‌ಗಳನ್ನು (ಪುಟ್ಟ ಕೊಳವೆಗಳನ್ನು) ಸಡಿಲ ರಂಧ್ರದಲ್ಲಿ ಕೂರಿಸಿದೆ. ಥ್ರೆಡ್ ಅವುಗಳೊಳಗೆ. ಹಿಂದಿನಿಂದ ಬರುವ ಸ್ಕ್ರೂ ಬಿಗಿದಾಗ ಪ್ಲಾಸ್ಟಿಕ್ ಎರಡು ಲೋಹಗಳ ನಡುವೆ ಅಮುಕಿಕೊಳ್ಳುತ್ತದೆ, ಸೀಳುವಂತೆ ಹಿಗ್ಗುವುದಿಲ್ಲ. ಸಡಿಲವಾಗದಿರಲು ಥ್ರೆಡ್‌ನ ಜೊತೆ ಮೀನು ಗಾಳದ ನೈಲಾನ್ ದಾರದ ಒಂದು ಚೂರು. ಉಗುರುಬಣ್ಣದ ಚುಕ್ಕೆ ಇಡಲು ಕೈ ಹೋಗಿತ್ತು. ಅದರೊಳಗಿನ ದ್ರಾವಕಗಳು ನೆನಪಾಗಿ ಹಿಂದೆ ಬಂತು. ಮುಂದೆ ಕಾಣುವ ನಾಲ್ಕು ಹಿತ್ತಾಳೆ ಚುಕ್ಕೆಗಳು ಬೇಕೆಂದೇ ಇಟ್ಟ ಅಲಂಕಾರದಂತಿವೆ. ಕೇಳಿದವರಿಗೆ ಹಾಗೆಯೇ ಹೇಳುತ್ತಿದ್ದೇನೆ.

ಗಾಜನ್ನೂ ಗಟ್ಟಿ ಅಂಟಿನಿಂದ ಕೂರಿಸಲಿಲ್ಲ. ಬಿಸಿಗೆ ಪಾಲಿಕಾರ್ಬೊನೇಟ್ ಗಾಜಿಗಿಂತ ಏಳು ಪಟ್ಟು ಹೆಚ್ಚು ಹಿಗ್ಗುತ್ತದೆ. ನಲವತ್ತು ಮಿಲಿಮೀಟರ್ ಅಗಲಕ್ಕೆ ಮೂವತ್ತು ಡಿಗ್ರಿ ಏರಿದರೆ 0.07 ಮಿಲಿಮೀಟರ್ ವ್ಯತ್ಯಾಸ. ಮೆತ್ತನೆಯ ಎರಡು ಬದಿಯ ಟೇಪ್ ಅದನ್ನು ನುಂಗಿಕೊಳ್ಳುತ್ತದೆ. ಮುಚ್ಚಳದ್ದು ಬೇರೆಯೇ ರಗಳೆ. ಅಲ್ಯೂಮಿನಿಯಮ್‌ಗಿಂತ ಮೂವತ್ತರಷ್ಟು ಪಟ್ಟು ಬಾಗುವ ವಸ್ತುವಾದ್ದರಿಂದ ಎರಡು ಸ್ಕ್ರೂಗಳ ನಡುವೆ ಅದು ಉಬ್ಬಿ, ನೀರು ತಡೆಯುವ ರಬ್ಬರ್ ಬಳೆ ಒ-ರಿಂಗ್ ಬಿಟ್ಟುಕೊಡುತ್ತಿತ್ತು. ದಪ್ಪವನ್ನು 1.5ರಿಂದ 2.2 ಮಿಲಿಮೀಟರ್‌ಗೆ ಏರಿಸಿ, ಬೋರ್ಡಿನ ಬದಲು ಟಿಶ್ಯೂ ಕಾಗದ ತುಂಬಿ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದೆ. ಕಾಗದ ಒಣಗಿಯೇ ಇತ್ತು.

ಕಟ್ಟಿಕೊಂಡು ಇವತ್ತಿಗೆ ಇಪ್ಪತ್ತಮೂರು ದಿನ. ಮೂಲೆಗಳಲ್ಲಿ ಸೂರ್ಯೋದಯ ಇಲ್ಲ. ತಂಪು ಕನ್ನಡಕದಲ್ಲಿ ನೋಡಿದರೆ ಬುಷ್‌ಗಳ ಸುತ್ತ ಮಸುಕು ಉಂಗುರ, ಅಷ್ಟೇ.

ಹೊಸ ತಲೆನೋವು ಒಂದಿದೆ. ಕುರ್ಚಿಯಲ್ಲಿ ಸುಮ್ಮನೆ ಕುಳಿತವನ ನಾಡಿ 138 ಎಂದು ವಾಚ್ ಹೇಳುತ್ತಿದೆ. ಪಾರದರ್ಶಕ ಮುಚ್ಚಳದೊಳಗೇ ಸಂವೇದಕದ ಹಸಿರು ಬೆಳಕು ಅಡ್ಡವಾಗಿ ಹರಿದು, ಚರ್ಮವನ್ನು ಮುಟ್ಟದೆಯೇ ವಾಪಸ್ಸು ಬರುತ್ತಿದೆ. ನಡುವೆ ಕಪ್ಪು ಗೋಡೆ ಬೇಕು, ಎಂದರೆ ಬಣ್ಣ ಬಳಿಯಬೇಕು. ಬಣ್ಣದ ಡಬ್ಬಿ ತೆರೆದರೆ ಮೂಗಿಗೆ ಮೊದಲು ಹೊಡೆದದ್ದು ಥಿನ್ನರ್ ವಾಸನೆ. ಆದ್ದರಿಂದ ಪೈಪಿನ ಮೇಲೆ ಮತ್ತೊಂದು ಪಟ್ಟಿ ಬಗ್ಗಿಸಿ ಕಟ್ಟಿದ್ದೇನೆ, ಬೆನ್ನ ಮೇಲೆ ಒಂದು ಹನಿ ಕಪ್ಪು ಬಣ್ಣ. ನಲವತ್ತು ನಿಮಿಷವಾಯಿತು. ಸದ್ಯಕ್ಕೆ ಸದ್ದಿಲ್ಲ.