ಕವಾಯತಿನಿಂದ ಮನಸ್ಸು ಬದಲಾಗುತ್ತದೆಯೇ? ಅಮೆರಿಕದ ಬೂಟ್ ಕ್ಯಾಂಪುಗಳ ಲೆಕ್ಕ

ಹಾದಿ ತಪ್ಪಿದ ಹುಡುಗನನ್ನು ಮಿಲಿಟರಿಗೆ ಸೇರಿಸಿದರೆ ತಾನಾಗಿ ಬುದ್ಧಿ ಬರುತ್ತದೆ ಎನ್ನುವವರು ನಮ್ಮೂರಿನಲ್ಲಿರುವಂತೆ ಅಮೆರಿಕದಲ್ಲೂ ಇದ್ದಾರೆ. ಅಮೆರಿಕದವರು ಆ ಮಾತನ್ನು ಸರ್ಕಾರದ ಖರ್ಚಿನಲ್ಲಿ ಪರೀಕ್ಷಿಸಿಯೂ ನೋಡಿದರು. 1983ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಆರಂಭವಾದ, ಅಪರಾಧಿಗಳನ್ನು ಮಿಲಿಟರಿ ಶಿಸ್ತಿನ ಶಿಬಿರದಲ್ಲಿಟ್ಟು ತಿದ್ದುವ ಬೂಟ್ ಕ್ಯಾಂಪ್ ಪದ್ಧತಿ ಮುಂದಿನ ದಶಕದಲ್ಲಿ ದೇಶದ ಬಹುಭಾಗಕ್ಕೆ ಹಬ್ಬಿತು. ತಲೆ ಬೋಳಿಸುವುದು, ನಸುಕಿನಲ್ಲೇ ಎಬ್ಬಿಸಿ ಓಡಿಸುವುದು, ಕವಾಯತು, ಮೈಮುರಿಯುವ ದುಡಿಮೆ, ಪ್ರತಿ ಉತ್ತರಕ್ಕೂ 'ಸರ್' ಸೇರಿಸುವ ಕಡ್ಡಾಯ: ಇದನ್ನೆಲ್ಲ ಕೆಲವು ತಿಂಗಳು ತಾಳಿಕೊಂಡವನಿಗೆ ವರ್ಷಗಟ್ಟಲೆಯ ಜೈಲುವಾಸ ತಪ್ಪುತ್ತಿತ್ತು.

ಮೇರಿಲ್ಯಾಂಡಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು, ಇದೇ ರಾಜ್ಯದ ವಿಶ್ವವಿದ್ಯಾಲಯದಲ್ಲಿದ್ದ ಅಪರಾಧಶಾಸ್ತ್ರಜ್ಞೆ ಡೋರಿಸ್ ಮೆಕೆಂಜಿಯವರು ಎಂಟು ರಾಜ್ಯಗಳ ಶಿಬಿರಗಳ ಬಗ್ಗೆ ನಡೆಸಿದ ಅಧ್ಯಯನವನ್ನು ತರಗತಿಗೆ ಒಯ್ಯುವುದುಂಟು. ಕೈದಿಗಳ ಮನೋಭಾವವನ್ನು ಪ್ರಶ್ನಾವಳಿಯ ಮೂಲಕ ಒಂದಕ್ಕಿಂತ ಹೆಚ್ಚು ಬಾರಿ ಅಳೆದಾಗ, ಶಿಬಿರದಲ್ಲಿದ್ದವರ ಸಮಾಜವಿರೋಧಿ ಧೋರಣೆ ತಗ್ಗಿದ್ದು ಕಂಡುಬಂದಿತು. ವಿದ್ಯಾರ್ಥಿಗಳು ಇಲ್ಲಿಗೆ ಬಂದೊಡನೆ ಕವಾಯತು ಗೆದ್ದಿತೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಹೋಲಿಕೆಗೆಂದು ಆಯ್ದುಕೊಂಡಿದ್ದ, ಮಾಮೂಲಿ ಜೈಲಿನ ಕೈದಿಗಳ ಧೋರಣೆಯೂ ತಗ್ಗಿತ್ತು! ಶಿಬಿರದವರು ಎದ್ದು ಕಂಡದ್ದು ತಮ್ಮ ಸೆರೆವಾಸದ ಅನುಭವ ಒಳ್ಳೆಯದಾಯಿತೆಂದು ಹೇಳಿದ್ದರಲ್ಲಿ ಮಾತ್ರ. ಬಾಲ್ಟಿಮೋರಿನ ವಿದ್ಯಾರ್ಥಿಯೊಬ್ಬ ಅದಕ್ಕೆ ನಕ್ಕು, "ಬೇಗ ಮನೆಗೆ ಕಳಿಸುತ್ತಾರೆಂದರೆ ನಾನೂ ಹಾಗೇ ಬರೆಯುತ್ತಿದ್ದೆ" ಎಂದ. ಅವನ ಮಾತಿನಲ್ಲಿ ಹುರುಳಿದೆ. ಅಲ್ಲದೆ, ಶಿಬಿರವನ್ನು ಅರ್ಧಕ್ಕೇ ಬಿಟ್ಟವರು ಜೈಲಿಗೆ ಮರಳುತ್ತಿದ್ದುದರಿಂದ, ಕೊನೆಯ ಪ್ರಶ್ನಾವಳಿ ತುಂಬಲು ಉಳಿಯುತ್ತಿದ್ದವರು ತಾಳಿಕೊಂಡವರು ಮಾತ್ರ ಎಂಬುದನ್ನೂ ಇಂತಹ ಲೆಕ್ಕದಲ್ಲಿ ಮರೆಯುವಂತಿಲ್ಲ.

ಮನೋಭಾವದ ಮಾತು ಹಾಗಿರಲಿ, ನಡವಳಿಕೆಯ ಲೆಕ್ಕ ಇನ್ನೂ ನೀರಸ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಮೆಕೆಂಜಿ ಮತ್ತು ಸಂಗಡಿಗರು ನಡೆಸಿದ ವಿಶ್ಲೇಷಣೆಯಲ್ಲಿ, ಮರಳಿ ಅಪರಾಧಕ್ಕಿಳಿಯುವ ಪ್ರಮಾಣದಲ್ಲಿ ಶಿಬಿರದವರಿಗೂ ಉಳಿದವರಿಗೂ ಸರಾಸರಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ನಮ್ಮ ರಾಜ್ಯದ ಜೆಸಪ್ ಊರಿನ ಶಿಬಿರದಲ್ಲಿ ವಯಸ್ಕ ಕೈದಿಗಳ ಮೇಲೆ ನಡೆದ ಪ್ರಯೋಗ. ಯಾರು ಶಿಬಿರಕ್ಕೆ, ಯಾರು ಜೈಲಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರಿಂದ ಇದರ ಹೋಲಿಕೆಗೆ ತೂಕವಿದೆ. ಶಿಬಿರದವರ ಆತ್ಮಸಂಯಮ ಇಳಿಯಿತು. ಬೇರೆ ಅಳತೆಗಳಲ್ಲಿ ಹೇಳಿಕೊಳ್ಳುವಂತಹ ಬದಲಾವಣೆಯಾಗಲಿಲ್ಲ. ಜೈಲಿನವರ ಆತ್ಮಸಂಯಮ, ಸಿಟ್ಟಿನ ಮೇಲಿನ ಹಿಡಿತ ಎರಡೂ ಹದಗೆಟ್ಟವು. ಈ ಶಿಬಿರದಲ್ಲಿ ಕವಾಯತಿನ ಜೊತೆಗೆ ಓದು ಮತ್ತು ಮಾದಕವ್ಯಸನದ ಚಿಕಿತ್ಸೆಯೂ ಇದ್ದವು. ಹಾಗಾಗಿ ಶಿಬಿರದವರು ಜೈಲಿನವರಷ್ಟು ಹದಗೆಡದಿದ್ದುದರ ಶ್ರೇಯಸ್ಸನ್ನು ಬೂಟಿನ ಸದ್ದಿಗೆ ಕೊಡಲು ನಾನಂತೂ ಸಿದ್ಧನಿಲ್ಲ.

ಇತ್ತ ಫ್ಲಾರಿಡಾದಲ್ಲಿ, 2006ರ ಜನವರಿಯಲ್ಲಿ ಹದಿನಾಲ್ಕರ ಬಾಲಕನೊಬ್ಬ ಶಿಬಿರಕ್ಕೆ ಸೇರಿದ ದಿನವೇ ಕಾವಲುಗಾರರ ಬಲಪ್ರಯೋಗದಿಂದ ಕುಸಿದು, ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ವಿಡಿಯೊ ಬಹಿರಂಗವಾದ ಮೇಲೆ ಅದೇ ವರ್ಷ ಆ ರಾಜ್ಯವು ಬಾಲಾಪರಾಧಿಗಳ ಬೂಟ್ ಕ್ಯಾಂಪುಗಳನ್ನು ರದ್ದುಪಡಿಸಿತು. ಪರಿಣಾಮವಿಲ್ಲವೆಂದು ಅಧ್ಯಯನಗಳು ಅದಕ್ಕೆ ವರ್ಷಗಳ ಹಿಂದೆಯೇ ಹೇಳಿದ್ದವು.