ಜುಬ್ಬಾದ ಬಂಡೆಚಿತ್ರ ನೋಡಲು ಹೋಗುವವರಿಗೆ: ಬೆಳಿಗ್ಗೆಯೇ ಹೋಗಿ, ಅರ್ಧ ದಿನ ಇಟ್ಟುಕೊಳ್ಳಿ

ಮೊದಲ ದಿನ ನಾವು ಉತ್ತರ ಸೌದಿಯ ಜುಬ್ಬಾ ಊರು ತಲುಪಿದಾಗ ಮಧ್ಯಾಹ್ನ ಮೂರೂವರೆ ದಾಟಿತ್ತು. ಡಿಸೆಂಬರ್ ತಿಂಗಳು, ಸೂರ್ಯ ಆಗಲೇ ಬೆಟ್ಟದ ಹಿಂದೆ ಸರಿಯುತ್ತಿದ್ದ. ಚಿತ್ರಗಳಿರುವ ಉಮ್ಮ್ ಸಿನ್ಮಾನ್ ಬೆಟ್ಟ ಊರಿನ ಪಶ್ಚಿಮಕ್ಕಿದೆ. ಹಾಗಾಗಿ ಊರಿನ ಕಡೆಗೆ ಮುಖ ಮಾಡಿದ ಬಂಡೆಗಳೆಲ್ಲ ಸಂಜೆಗೆ ಮುಂಚೆಯೇ ನೆರಳಿಗೆ ಬೀಳುತ್ತವೆ. ಕಣ್ಣು ಕಿರಿದು ಮಾಡಿ ನೋಡಿದರೂ ಒಂದಷ್ಟು ಒಂಟೆ ಬಿಟ್ಟರೆ ಹೆಚ್ಚೇನೂ ಕಾಣಲಿಲ್ಲ. ಇಷ್ಟು ದೂರ ಬಂದು ಇಷ್ಟೇನಾ ಅಂತ ಬೇಜಾರಾಯಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ಮತ್ತೆ ಹೋದೆವು. ಅದೇ ಬಂಡೆ, ಅದೇ ಜಾಗ. ಆದರೆ ನಿನ್ನೆ ಬರೀ ಕಪ್ಪು ಕಲ್ಲು ಅಂದುಕೊಂಡ ಕಡೆ ಉದ್ದ ಕೊಂಬಿನ ದನ ನಿಂತಿತ್ತು.

ಈ ಒಂದು ಮಾತು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸೌದಿಯಲ್ಲಿ ನಮ್ಮ ಕಡೆಯವರು ತುಂಬಾ ಜನ ಇದ್ದಾರೆ. ರಜೆ ಸಿಕ್ಕರೆ ಉಮ್ರಾ, ಇಲ್ಲ ಅಲ್ ಉಲಾ, ಇಲ್ಲ ಅಬಹಾ. ಜುಬ್ಬಾ ಕಡೆ ಹೋದವರು ಕಡಿಮೆ. ಹೋದವರೂ ಅರ್ಧ ಗಂಟೆ ನಿಂತು ಫೋಟೋ ತೆಗೆದು ವಾಪಸ್ ಬರುತ್ತಾರೆ. ಹಾಗೆ ಮಾಡಬೇಡಿ ಪ್ಲೀಸ್.

ದಾರಿಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಜುಬ್ಬಾಕ್ಕೆ ಹತ್ತಿರದ ದೊಡ್ಡ ಊರು ಹಾಯಿಲ್. ರಿಯಾದ್‌ನಿಂದ ಅಲ್ಲಿಗೆ 600 ಕಿಲೋಮೀಟರ್‌ಗಿಂತ ಜಾಸ್ತಿ. ನಾವು ಕಾರಿನಲ್ಲಿ ಬುರೈದಾ ಮೇಲೆ ಹೋದೆವು, ಊಟ, ಚಹಾ ಎಲ್ಲ ಸೇರಿ ಎಂಟು ಗಂಟೆ ಹಿಡಿಯಿತು. ರೈಲೂ ಇದೆ, ವಿಮಾನವೂ ಇದೆ. ಮಕ್ಕಳಿದ್ದರೆ ರೈಲು ಒಳ್ಳೆಯದು, ಹಾಯಿಲ್‌ನಲ್ಲಿ ಇಳಿದು ಬಾಡಿಗೆ ಕಾರು ತೆಗೆದುಕೊಳ್ಳಬಹುದು. ಕಾರನ್ನು ಮೊದಲೇ ಬುಕ್ ಮಾಡಿಕೊಳ್ಳಿ. ಶುಕ್ರವಾರ ಹೊರಡುವುದಾದರೆ ಜುಮಾ ನಮಾಜಿನ ಹೊತ್ತಿಗೆ ಹೆಚ್ಚಿನ ಅಂಗಡಿ, ಹೋಟೆಲ್ ಮುಚ್ಚಿರುತ್ತವೆ ಅನ್ನುವುದು ನೆನಪಿರಲಿ. ನಾವು ಸರಿಯಾಗಿ ಆ ಹೊತ್ತಿಗೇ ಹಾಯಿಲ್ ಸೇರಿದೆವು, ಅಲ್ಲೇ ತಡ ಆಗಿದ್ದು. ಬಂಡೆಚಿತ್ರ ನೋಡುವುದನ್ನು ಶನಿವಾರಕ್ಕೆ ಇಟ್ಟುಕೊಳ್ಳಿ.

ಹಾಯಿಲ್‌ನಿಂದ ಜುಬ್ಬಾ ಸುಮಾರು 100 ಕಿಲೋಮೀಟರ್, ವಾಯವ್ಯಕ್ಕೆ. ಪೂರ್ತಿ ಟಾರು ರಸ್ತೆ, ಮಾಮೂಲಿ ಕಾರು ಸಾಕು. ರಸ್ತೆಯ ಎರಡೂ ಕಡೆ ನಫೂದ್ ಮರುಭೂಮಿ. ಇಲ್ಲಿನ ಮರಳು ಹಳದಿಯಲ್ಲ, ಕೆಂಪು. ಬೆಳಗಿನ ಬಿಸಿಲಲ್ಲಂತೂ ಕುಂಕುಮದ ಹಾಗೆ ಕಾಣುತ್ತದೆ. ಪೆಟ್ರೋಲ್ ಹಾಯಿಲ್‌ನಲ್ಲೇ ತುಂಬಿಸಿಕೊಳ್ಳಿ. ವೇಗ ಹಿಡಿಯುವ ಸಾಹೆರ್ ಕ್ಯಾಮೆರಾಗಳ ಬಗ್ಗೆ ಸೌದಿಯಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಓಡಿಸಬೇಡಿ. ಒಂಟೆ ಅಡ್ಡ ಬಂದರೆ ಹೆಡ್‌ಲೈಟ್‌ಗೆ ಮೊದಲು ಕಾಣುವುದು ಬರೀ ಕಾಲು, ಅಷ್ಟರಲ್ಲಿ ತಡವಾಗಿರುತ್ತದೆ.

ಜುಬ್ಬಾ ಒಂದು ತಗ್ಗಿನಲ್ಲಿರುವ ಊರು. ಸುತ್ತ ಮರಳಿನ ದಿಬ್ಬ, ನಡುವೆ ಖರ್ಜೂರದ ತೋಟ. ಸಾವಿರಾರು ವರ್ಷಗಳ ಹಿಂದೆ ಇಲ್ಲಿ ಮಳೆ ಆಗುತ್ತಿತ್ತು, ಈ ತಗ್ಗಿನಲ್ಲಿ ಕೆರೆ ಇತ್ತು. ಪಶ್ಚಿಮದಿಂದ ಬೀಸುವ ಗಾಳಿಗೆ ಉಮ್ಮ್ ಸಿನ್ಮಾನ್ ಬೆಟ್ಟ ಅಡ್ಡ ನಿಂತಿದ್ದರಿಂದ ಮರಳು ಬಂದು ತಗ್ಗನ್ನು ಮುಚ್ಚಲಿಲ್ಲ. ನೀರು ಇದ್ದಲ್ಲಿ ಪ್ರಾಣಿ, ಪ್ರಾಣಿ ಇದ್ದಲ್ಲಿ ಬೇಟೆಗಾರ, ಆಮೇಲೆ ದನ ಕಾಯುವವರು. ಅವರೆಲ್ಲ ಕಂಡದ್ದನ್ನು ಈ ಬೆಟ್ಟದ ಮೇಲೆ ಕುಟ್ಟಿಟ್ಟು ಹೋದರು. 2015ರಲ್ಲಿ ಯುನೆಸ್ಕೋ ಇದನ್ನೂ, ಹಾಯಿಲ್‌ನ ದಕ್ಷಿಣಕ್ಕಿರುವ ಶುವೈಮಿಸ್ ಅನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಉಮ್ಮ್ ಸಿನ್ಮಾನ್ ಅಂದರೆ ಎರಡು ಡುಬ್ಬದ ತಾಯಿ ಅಂತ. ದೂರದಿಂದ ನೋಡಿದರೆ ಒಂಟೆ ಕೂತ ಹಾಗೇ ಇದೆ.

ಇನ್ನು ಚಿತ್ರ ನೋಡುವುದು ಹೇಗೆ ಅನ್ನುವುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಲ್ಲಿರುವುದು ಬಣ್ಣದ ಚಿತ್ರಗಳಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮಾಡಿದವು. ಬೆಟ್ಟ ಮರಳುಗಲ್ಲಿನದು. ಮರುಭೂಮಿಯಲ್ಲಿ ಇಂಥ ಕಲ್ಲಿನ ಮೈಮೇಲೆ ವರ್ಷಗಟ್ಟಲೆ ಕಬ್ಬಿಣ, ಮ್ಯಾಂಗನೀಸ್ ಸೇರಿ ಒಂದು ಕಪ್ಪು ಪೊರೆ ಕಟ್ಟುತ್ತದೆ. ಆ ಪೊರೆಯನ್ನು ಕುಟ್ಟಿ ತೆಗೆದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಅದೇ ಚಿತ್ರ. ಆದರೆ ಕುಟ್ಟಿದ ಜಾಗವೂ ಸುಮ್ಮನಿರುವುದಿಲ್ಲ, ನಿಧಾನವಾಗಿ ಮತ್ತೆ ಕಪ್ಪಾಗುತ್ತಾ ಹೋಗುತ್ತದೆ. ಹಾಗಾಗಿ ಒಂದೇ ಬಂಡೆಯ ಮೇಲೆ ತಿಳಿಯಾಗಿ ಎದ್ದು ಕಾಣುವುದು ಹೊಸದು, ಬಂಡೆಯ ಬಣ್ಣಕ್ಕೇ ತಿರುಗಿದ್ದು ಹಳೆಯದು. ಇದು ಗೊತ್ತಿಲ್ಲದಿದ್ದರೆ ಮೊದಲ ದಿನ ನಮಗಾದ ಹಾಗೆ ಹೊಸ ಒಂಟೆಗಳನ್ನಷ್ಟೇ ನೋಡಿ ಬರುತ್ತೀರಿ. ಹಳೆಯ ಚಿತ್ರಗಳು ಅವುಗಳ ಕೆಳಗೇ ಇರುತ್ತವೆ.

ಆ ದನವನ್ನು ಕಂಡದ್ದು ನನ್ನ ಮಗಳು, ಎಂಟು ವರ್ಷದವಳು. "ಅಮ್ಮಾ, ಒಂಟೆ ಹೊಟ್ಟೆ ಒಳಗೆ ಹಸು ಇದೆ" ಅಂದಳು. ಏನೋ ಹೇಳುತ್ತಿದ್ದಾಳೆ ಅಂದುಕೊಂಡು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದೆ. ತಿಳಿ ಬಣ್ಣದ ಒಂಟೆಯ ಗೆರೆಯ ಕೆಳಗೆ, ಬಂಡೆಯಷ್ಟೇ ಕಪ್ಪಾಗಿ, ಒಂದು ದನ. ಎರಡು ಉದ್ದ ಕೊಂಬು ಮುಂದಕ್ಕೆ ಬಾಗಿವೆ. ಇನ್ನೂ ಹತ್ತಿರ ಹೋದರೆ ಗೆರೆ ಅನ್ನುವುದು ಗೆರೆಯೇ ಅಲ್ಲ, ಸಾಸಿವೆ ಕಾಳಿನಷ್ಟು ದೊಡ್ಡ ಸಾವಿರ ಚುಕ್ಕಿ. ಪ್ರತಿ ಚುಕ್ಕಿಯೂ ಒಂದು ಏಟು. ಒಂದು ಕಡೆ ಏಟು ಜಾರಿ ಕೊಂಬಿನ ಆಚೆ ಒಂದು ಚುಕ್ಕಿ ಬಿದ್ದಿತ್ತು. ಅದನ್ನು ನೋಡಿ ಯಾಕೋ ಗಂಟಲು ಕಟ್ಟಿತು. ನಾನು ಬಳ್ಳಾರಿಯವಳು. ನಮ್ಮ ಸಂಗನಕಲ್ಲು, ಕಪ್ಪಗಲ್ಲು ಗುಡ್ಡದ ಕರಿಬಂಡೆಗಳ ಮೇಲೂ ಹೀಗೇ ಕುಟ್ಟಿ ಮಾಡಿದ ಎತ್ತುಗಳಿವೆ. ಅವಕ್ಕೆ ಹಿಣಿಲು ಇದೆ, ಇವಕ್ಕೆ ಇಲ್ಲ, ಅಷ್ಟೇ ವ್ಯತ್ಯಾಸ ಅನ್ನಿಸಿತು ಆಗ. ಚಿಕ್ಕವಳಿದ್ದಾಗ ಅಪ್ಪ ಕರೆದುಕೊಂಡು ಹೋಗಿ ತೋರಿಸಿದ್ದರು. ಅಲ್ಲಿ ಪಕ್ಕದಲ್ಲೇ ಕಲ್ಲು ಒಡೆಯುವ ಸದ್ದು ಕೇಳುತ್ತಿತ್ತು. ಇಲ್ಲಿ ಸುತ್ತ ಬೇಲಿ, ಕಾಯಲು ಒಬ್ಬ ಮನುಷ್ಯ. ನಮ್ಮ ಕಡೆಯೂ ಹೀಗೆ ಕಾಯಬೇಕಲ್ವಾ?

ದನ, ಒಂಟೆ ಅಲ್ಲದೆ ಕಾಡುಮೇಕೆ, ಸಿಂಹ, ಕುದುರೆ ಹೂಡಿದ ರಥವೂ ಇಲ್ಲಿ ಇವೆ. ಆಳೆತ್ತರದ ಮನುಷ್ಯರ ಚಿತ್ರಗಳೂ ಇವೆ. ನಾಯಿಗಳನ್ನು ಮಾತ್ರ ತಪ್ಪಿಸಬೇಡಿ. ನಿಮಿರಿದ ಕಿವಿ, ಸುರುಳಿ ಬಾಲ. ಜುಬ್ಬಾ, ಶುವೈಮಿಸ್ ಎರಡೂ ಕಡೆಯ ನಾಯಿಗಳನ್ನು ಎಣಿಸಿದ ಅಧ್ಯಯನವೊಂದು 2017ರಲ್ಲಿ ಬಂತು. 300ಕ್ಕೂ ಹೆಚ್ಚು ನಾಯಿಗಳಿವೆಯಂತೆ. ಕೆಲವು ಚಿತ್ರಗಳಲ್ಲಿ ನಾಯಿಯ ಕುತ್ತಿಗೆಯಿಂದ ಬೇಟೆಗಾರನ ಸೊಂಟಕ್ಕೆ ಹಗ್ಗದಂಥ ಗೆರೆ ಇದೆ. ಸುಮಾರು 8000 ವರ್ಷ ಹಿಂದಿನವು ಅನ್ನುತ್ತಾರೆ. ಪ್ರಾಣಿಗಳ ನಡುವೆ ತಮೂದಿ ಅನ್ನುವ ಪ್ರಾಚೀನ ಅರೇಬಿಯಾದ ಲಿಪಿಯ ಅಕ್ಷರಗಳೂ ಕಾಣುತ್ತವೆ, ಅವು ಅರಬ್ಬಿ ಲಿಪಿಗಿಂತ ಹಳೆಯವು. ಕೆಲವು ಕಡೆ ಹತ್ತಲು ಮೆಟ್ಟಿಲು ಇವೆ. ಎತ್ತರದ ಬಂಡೆಗಳಿಗೆ ಒಂದು ದುರ್ಬೀನು ಇದ್ದರೆ ತುಂಬಾ ಅನುಕೂಲ. ನಾವು ಒಯ್ಯಲಿಲ್ಲ, ಫೋನಿನಲ್ಲಿ ಜೂಮ್ ಮಾಡಿ ನೋಡಿದೆವು.

ಮುಟ್ಟಬೇಡಿ. ಮಕ್ಕಳಿಗೆ ಒಳಗೆ ಹೋಗುವ ಮುಂಚೆಯೇ ಹೇಳಿಡಿ. ಚಿತ್ರ ಚೆನ್ನಾಗಿ ಕಾಣಲಿ ಅಂತ ನೀರು ಚಿಮುಕಿಸುವುದೂ ಬೇಡ. ಕೈಯ ಎಣ್ಣೆ, ನೀರು ಎರಡೂ ಆ ಪೊರೆಗೆ ಕೆಟ್ಟದ್ದು.

ನಾವು ಹೋದಾಗ ಟಿಕೆಟ್ ಇರಲಿಲ್ಲ. ಗೇಟಿನಲ್ಲಿದ್ದ ಅಜ್ಜ ಹೆಸರು ಬರೆಸಿಕೊಂಡು ಒಳಗೆ ಬಿಟ್ಟರು. ವಾಪಸ್ ಬರುವಾಗ ಕೂರಿಸಿ, ಏಲಕ್ಕಿ ಹಾಕಿದ ಗಹ್ವಾ (ಅರಬ್ಬಿ ಕಾಫಿ), ಖರ್ಜೂರ ಕೊಟ್ಟರು. ದಾನಕ್ಕೆ, ಅತಿಥಿ ಸತ್ಕಾರಕ್ಕೆ ಹೆಸರಾದ ಹಾತಿಮ್ ತಾಯಿ ಇದೇ ಸೀಮೆಯವನು, ಹಾಗಾಗಿ ಹಾಯಿಲ್‌ನವರಿಗೆ ಬಂದವರನ್ನು ಬರಿಗೈಲಿ ಕಳಿಸಿದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಕಪ್ ಖಾಲಿಯಾದ ಹಾಗೆಲ್ಲ ಮತ್ತೆ ಸುರಿಯುತ್ತಾರೆ. ಸಾಕು ಅನ್ನಿಸಿದರೆ ಕಪ್ಪನ್ನು ಒಂದೆರಡು ಸಲ ಮೆಲ್ಲಗೆ ಅಲ್ಲಾಡಿಸಿ ಕೊಡಿ, ಅರ್ಥವಾಗುತ್ತದೆ. 1879ರಲ್ಲಿ ಲೇಡಿ ಆನ್ ಬ್ಲಂಟ್ ಅನ್ನುವ ಇಂಗ್ಲಿಷ್ ಹೆಂಗಸು ನಫೂದ್ ದಾಟಿ ಈ ಊರಿನ ಮೇಲೇ ಹಾಯಿಲ್‌ಗೆ ಹೋಗಿದ್ದಳು. ನಮಗೆ ಎಸಿ ಕಾರಿನಲ್ಲಿ ಒಂದೂವರೆ ಗಂಟೆ.

ಹೋಗುವ ಕಾಲ ನವೆಂಬರ್‌ನಿಂದ ಫೆಬ್ರವರಿ. ಬೇಸಿಗೆಯಲ್ಲಿ ಬೇಡವೇ ಬೇಡ, ಬಂಡೆಯ ಕಾವಿಗೆ ನಿಲ್ಲಲು ಆಗುವುದಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಕೊರೆಯುವ ಚಳಿ ಇರುತ್ತದೆ, ಸ್ವೆಟರ್, ಕಿವಿ ಮುಚ್ಚುವ ಟೋಪಿ ಒಯ್ಯಿರಿ. ಹತ್ತು ಗಂಟೆಗೆ ಅದೇ ಸ್ವೆಟರ್ ತೆಗೆದು ಕೈಯಲ್ಲಿ ಹಿಡಿದಿರುತ್ತೀರಿ. ಇಕಾಮಾ (ಸೌದಿಯ ವಾಸದ ಗುರುತುಚೀಟಿ) ಜೊತೆಗಿರಲಿ. ತಿನ್ನಲು ಏನಾದರೂ ಕಟ್ಟಿಕೊಂಡೇ ಹೋಗಿ. ನಾವು ಚಪಾತಿ, ಶೇಂಗಾ ಚಟ್ನಿಪುಡಿ ಒಯ್ದಿದ್ದೆವು. ಉಳಿದುಕೊಳ್ಳಲು ಹಾಯಿಲ್ ಸರಿ. ಅಲ್ಲಿ ಮಲಯಾಳಿ ಹೋಟೆಲ್‌ಗಳಲ್ಲಿ ಅನ್ನ, ಸಾಂಬಾರ್ ಸಿಗುತ್ತದೆ.

ಶುವೈಮಿಸ್ ಅನ್ನೂ ಇದೇ ಸಲ ಮುಗಿಸೋಣ ಅನ್ನುವವರಿಗೆ ಒಂದು ಮಾತು. ಅದು ಹಾಯಿಲ್‌ನಿಂದ ದಕ್ಷಿಣಕ್ಕೆ ದೂರ, ಕೊನೆಯ ಭಾಗ ಟಾರು ಇಲ್ಲದ ದಾರಿ. ಫೋರ್ ವೀಲ್ ಗಾಡಿ, ದಾರಿ ಗೊತ್ತಿರುವ ಸ್ಥಳೀಯರು ಎರಡೂ ಬೇಕು. ನಮ್ಮ ಹತ್ತಿರ ಎರಡೂ ಇರಲಿಲ್ಲ, ಆಸೆ ಇದ್ದರೂ ಹೋಗಲಿಲ್ಲ. ಮುಂದಿನ ಚಳಿಗಾಲಕ್ಕೆ ನಾಲ್ಕು ಮನೆಯವರು ಸೇರಿ ಹೋಗುವ ಯೋಚನೆ ಇದೆ. ಮಗಳು ಈಗಲೇ ನೋಟ್‌ಬುಕ್ಕಿನಲ್ಲಿ ನಾಯಿಗಳ ಎಣಿಕೆಗೆ ಒಂದು ಪುಟ ಬಿಟ್ಟಿದ್ದಾಳೆ.