ಬೇಕಲಕ್ಕೆ ಹೊರಟಿದ್ದೀರಾ? ರೂಮ್ ಕಾಸರಗೋಡಿನಲ್ಲೇ ಮಾಡಿ

ಬೇಕಲ ಕೋಟೆಯ ಟಿಕೆಟ್ ತಲೆಗೆ 25 ರೂಪಾಯಿ. ಮೊಬೈಲಿನಲ್ಲಿ ತೆಗೆದರೆ 20. ಹದಿನೈದರೊಳಗಿನ ಮಕ್ಕಳಿಗೆ ಅದೂ ಇಲ್ಲ. ಆದರೂ ನಮ್ಮ ಜೇಬು ಖಾಲಿಯಾಯಿತು. ಕಾರಣ ಎರಡೇ: ಆಟೊ, ರೂಮು.

ಮೊದಲು ಬಸ್ಸಿನ ಕಥೆ. ಕಾಸರಗೋಡಿನಿಂದ ಬೇಕಲದ ಆಚೆಯ ಕಾಞಂಗಾಡಿಗೆ ಎರಡು ದಾರಿ. ಒಂದು ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಉದುಮ ಅಂತ ಕಡಲ ಬದಿಯಲ್ಲೇ ಹೋಗುತ್ತದೆ. ಇನ್ನೊಂದು ಚೆರ್ಕಳದ ಮೇಲೆ ಹೆದ್ದಾರಿ. ಬೇಕಲ ಇರುವುದು ಕಡಲ ದಾರಿಯಲ್ಲಿ. ನಮ್ಮ ಕಂಡಕ್ಟರ್ ಮಾತ್ರ "ಬೇಕಲ ತಾನೇ, ಹತ್ತಿ ಹತ್ತಿ" ಎಂದು ಹೆದ್ದಾರಿ ಬಸ್ಸಿಗೆ ಹತ್ತಿಸಿ, ಪೆರಿಯದ ಹತ್ತಿರ ಧೂಳಿನಲ್ಲಿ ಇಳಿಸಿ ಹೋದ. ಅಲ್ಲಿಂದ ಆಟೊಗೆ 300 ರೂಪಾಯಿ. ಹತ್ತುವ ಮೊದಲೇ "ಚಂದ್ರಗಿರಿ ಮೇಲೆ ಹೋಗ್ತದಾ?" ಎಂದು ಕೇಳಿಕೊಳ್ಳಿ. ಬೋರ್ಡು ಮಲಯಾಳದಲ್ಲಿದ್ದರೂ ಕನ್ನಡದಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ಮಂಗಳೂರಿನಿಂದ ಬರುವವರಿಗೆ ಲೋಕಲ್ ರೈಲು ಇನ್ನೂ ಸಲೀಸು. ಬೇಕಲ ಫೋರ್ಟ್ ಅಂತಲೇ ಸ್ಟೇಷನ್ ಇದೆ, ಆದರೆ ಎಲ್ಲ ರೈಲೂ ನಿಲ್ಲುವುದಿಲ್ಲ.

ರೂಮು ಬೀಚಿನ ಹತ್ತಿರ ಹಿಡಿದಿದ್ದೆವು. ಫೋಟೊದಲ್ಲಿ ಕಿಟಕಿ ತುಂಬ ಸಮುದ್ರ. ಹೋಗಿ ಪರದೆ ಸರಿಸಿದರೆ ಪಕ್ಕದ ಮನೆಯ ಪಾಗಾರ, ಅದರ ಮೇಲೆ ಒಣಹಾಕಿದ ಲುಂಗಿ. 2,800 ಎಂದಿದ್ದವರು ಹೊರಡುವಾಗ ಎಕ್ಸ್‌ಟ್ರಾ ಬೆಡ್ಡು, ಬಿಸಿನೀರು ಎಂದು ಸೇರಿಸಿ 3,900 ಮಾಡಿದರು. ಬಿಸಿನೀರಿಗೆ ದುಡ್ಡು ಕೊಟ್ಟದ್ದು ಜೀವನದಲ್ಲಿ ಇದೇ ಮೊದಲು! ಮಾರನೇ ದಿನ ಕಾಸರಗೋಡು ಪೇಟೆಯ ಲಾಡ್ಜಿನಲ್ಲಿ 900ಕ್ಕೆ ಚೊಕ್ಕವಾದ ರೂಮು ಸಿಕ್ಕಿತು. ಬೇಕಲ ಅಲ್ಲಿಂದ ಹದಿನಾರು ಕಿಲೋಮೀಟರ್ ಅಷ್ಟೆ.

ಊಟಕ್ಕೆ ಚಿಂತೆಯೇ ಬೇಡ. ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಒಂದು ಗಂಜಿ ಹೋಟೆಲು, ನಾಲ್ಕೇ ಬೆಂಚು. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಸುಟ್ಟ ಮೆಣಸಿನ ಕಾಯಿಚಟ್ನಿ, ಉಪ್ಪಿನಕಾಯಿ, ಎಲ್ಲ ಸೇರಿ 50 ರೂಪಾಯಿ. ಬಂಗುಡೆ ಫ್ರೈ ಬೇಕಾದರೆ ಇನ್ನು 40. ಮೀನು ಕಾವಲಿಯಿಂದ ನೇರ ತಟ್ಟೆಗೆ ಬರುತ್ತದೆ, ಅಂಚು ಗರಿಗರಿ, ಮಸಾಲೆ ಮುಳ್ಳಿನವರೆಗೂ ಇಳಿದಿರುತ್ತದೆ. ಬಡಿಸುವ ಅಕ್ಕ "ನಾಚಿಕೆ ಮಾಡ್ಬೇಡಿ ಮಾರಾಯ್ರೆ" ಅಂತ ಕೇಳದೆಯೇ ಇನ್ನೊಂದು ಸೌಟು ಗಂಜಿ ಸುರಿದರು. ಅದಕ್ಕೆ ಬೇರೆ ಚಾರ್ಜಿಲ್ಲ. ಕುಡಿಯಲು ಕೆಂಪು ಬಣ್ಣದ ಕುದಿಸಿದ ನೀರು ಇಟ್ಟಿರುತ್ತಾರೆ. ಬಣ್ಣ ನೋಡಿ ಹೆದರಿ ಸುಮ್ನೆ ಬಾಟಲಿ ಕೊಳ್ಳಬೇಡಿ. ಅಲ್ಲೇ ಎರಡು ದಿನವೂ ಊಟ ಮಾಡಿದೆವು.

ಕೋಟೆ ನಮ್ಮ ಕೆಳದಿ ಶಿವಪ್ಪ ನಾಯಕ ಕಟ್ಟಿಸಿದ್ದು, ಸುಮಾರು 1650ರಲ್ಲಿ. ಕೆಳದಿ ಪಕ್ಕದ ಸಾಗರ ಊರಿನ ಕಡೆಯವರಾದ ನಮಗೆ ಸ್ವಲ್ಪ ಜಂಬ, ಅಲ್ವಾ! ಒಳಗೆ ಅರಮನೆ ಗಿರಮನೆ ಏನೂ ಇಲ್ಲ. ನಲವತ್ತು ಎಕರೆ ಬಯಲು, ವೀಕ್ಷಣಾ ಬುರುಜು, ಕಡಲಿಗೆ ಚಾಚಿದ ಗೋಡೆ. ನೆರಳು ಕಮ್ಮಿ, ಬೆಳಿಗ್ಗೆ ಬೇಗ ಹೋಗಿ. ಸೂರ್ಯ ಮುಳುಗುವ ಮೊದಲೇ ಸೀಟಿ ಊದಿ ಹೊರಗೆ ಕಳಿಸುತ್ತಾರೆ. ಸೂರ್ಯಾಸ್ತಕ್ಕೆ ಪಕ್ಕದ ಬೀಚ್ ಪಾರ್ಕು, ಅದಕ್ಕೆ ಬೇರೆ ಟಿಕೆಟ್. ಭಾನುವಾರ ಅಲ್ಲಿ ಕಾಲಿಡಲೂ ಜಾಗವಿರಲಿಲ್ಲ, ನಾನಂತೂ ಗೇಟಿನಿಂದಲೇ ವಾಪಸ್.

ಜನ ಆಗದವರು ಚಂದ್ರಗಿರಿ ಕೋಟೆಗೆ ಹೋಗಿ. ಅದೂ ನಾಯಕರದ್ದೇ, ಮೇಲ್ಪರಂಬದ ಹತ್ತಿರ. ಮೇಲೆ ನಿಂತರೆ ಹೊಳೆ ಸಮುದ್ರಕ್ಕೆ ಸೇರುವುದು ಕಾಣುತ್ತದೆ. ನಾವು ಹೋದಾಗ ಇದ್ದದ್ದು ಎರಡು ಆಡು ಮಾತ್ರ. ನೀರು ತಿಂಡಿ ಜೊತೆಗೇ ಒಯ್ಯಿರಿ, ಮೇಲೆ ಅಂಗಡಿ ಇಲ್ಲ.